ಅಣೆಕಟ್ಟಿಗೆ ವಯಸ್ಸಾದಾಗ: ಓದುಗರ ಪ್ರಶ್ನೆ, ಎಂಜಿನಿಯರರ ಉತ್ತರ

ಹಳೆಯ ಅಣೆಕಟ್ಟುಗಳ ಭದ್ರತೆಯ ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಹಲವು ಒಂದೇ ಬಗೆಯವು. ಅವನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ. ಲೆಕ್ಕಾಚಾರ ಬೇಕಾದ ಕಡೆ ಲೆಕ್ಕವನ್ನೇ ಕೊಟ್ಟಿದ್ದೇವೆ.

ಪ್ರ: ಅಣೆಕಟ್ಟಿನ ಆಯಸ್ಸು ನೂರು ವರ್ಷ ಎನ್ನುತ್ತಾರೆ. ನೂರು ತುಂಬಿದ ಮೇಲೆ ಕೆಡವಲೇಬೇಕೇ?

ಉ: ಆ ನೂರು ಹುಟ್ಟಿದ್ದು ಹೂಳಿನ ಲೆಕ್ಕದಿಂದ ಮತ್ತು ಯೋಜನೆಯ ಲಾಭ–ಖರ್ಚಿನ ಲೆಕ್ಕದಿಂದ. ಕಟ್ಟಡದ ಗಟ್ಟಿತನಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಸ್ಪೇನಿನ ಮೆರಿಡಾ ಬಳಿ ರೋಮನ್ನರು ಕಟ್ಟಿದ ಪ್ರೊಸೆರ್ಪಿನಾ, ಕೊರ್ನಾಲ್ವೊ ಅಣೆಕಟ್ಟುಗಳು ಇವತ್ತಿಗೂ ನೀರು ಹಿಡಿದು ನಿಂತಿವೆ. ಕಾವೇರಿಗೆ ಅಡ್ಡಲಾಗಿರುವ ಕಲ್ಲಣೆ ಈಗಲೂ ಬಳಕೆಯಲ್ಲಿದೆ. ಅಮೆರಿಕದ ಐಡಾಹೊದಲ್ಲಿದ್ದ ಟೀಟನ್ ಅಣೆಕಟ್ಟಾದರೋ 1976ರ ಜೂನ್ 5ರಂದು, ಮೊದಲ ಸಲ ನೀರು ತುಂಬಿಸುವಾಗಲೇ ಒಡೆದುಹೋಯಿತು.

ಅಣೆಕಟ್ಟಿನ ಎಲ್ಲ ಭಾಗಗಳಿಗೂ ಒಂದೇ ವೇಗದಲ್ಲಿ ವಯಸ್ಸಾಗುವುದಿಲ್ಲ. ಕಲ್ಲು–ಗಾರೆಯ ಒಡಲು ದಶಕಗಳ ಲೆಕ್ಕದಲ್ಲಿ ಸವೆಯುತ್ತದೆ. ಗೇಟು, ಹಗ್ಗ, ಸರಪಳಿ, ಮೋಟಾರುಗಳ ಬಾಳಿಕೆ ಅದಕ್ಕಿಂತ ಬಹಳ ಕಡಿಮೆ. ಒಳಗಿನ ಬಸಿಗಾಲುವೆ ರಂಧ್ರಗಳಂತೂ ಕೆಲವೇ ವರ್ಷಗಳಲ್ಲಿ ಕಟ್ಟಿಕೊಳ್ಳಬಹುದು. ಇವೆಲ್ಲಕ್ಕಿಂತ ಮೊದಲು ಹಳತಾಗುವುದು ಕಡತದಲ್ಲಿರುವ ಪ್ರವಾಹದ ಲೆಕ್ಕ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಭಾರತದಲ್ಲಿ 50 ವರ್ಷ ದಾಟಿದ ದೊಡ್ಡ ಅಣೆಕಟ್ಟುಗಳು ಸಾವಿರಕ್ಕೂ ಹೆಚ್ಚು. ಅವುಗಳ ಬಗ್ಗೆ ‘ಎಷ್ಟು ವರ್ಷವಾಯಿತು’ ಎಂದು ಕೇಳುವುದಕ್ಕಿಂತ ‘ಯಾವ ಭಾಗವನ್ನು ಯಾವಾಗ ಪರೀಕ್ಷಿಸಿದರು’ ಎಂದು ಕೇಳುವುದು ಮೇಲು.

ಪ್ರ: ಅಣೆಕಟ್ಟಿನೊಳಗಿನ ಗ್ಯಾಲರಿಯಲ್ಲಿ ಗೋಡೆಗುಂಟ ನೀರು ಹರಿಯುತ್ತಿರುವ ಚಿತ್ರ ನೋಡಿ ಗಾಬರಿಯಾಯಿತು. ಸೋರುವ ಅಣೆಕಟ್ಟು ಅಪಾಯವಲ್ಲವೇ?

ಉ: ಸೋರದ ಅಣೆಕಟ್ಟೇ ಇಲ್ಲ. ಗ್ಯಾಲರಿ ಎಂದರೆ ಅಣೆಕಟ್ಟಿನ ಒಡಲೊಳಗೆ ನಡೆದಾಡಲು ಬಿಟ್ಟ ಸುರಂಗ. ಅದು ಇರುವುದೇ ಆ ನೀರನ್ನು ಹಿಡಿದು, ಅಳೆದು, ಹೊರಗೆ ಹಾಕುವುದಕ್ಕೆ. ನಿಜಕ್ಕೂ ಗಾಬರಿಪಡಬೇಕಾದದ್ದು ಎರಡು ಸಂದರ್ಭಗಳಲ್ಲಿ. ಒಂದು, ಜಲಾಶಯದ ಮಟ್ಟ ಏರದೆ ಸೋರಿಕೆ ಏರಿದಾಗ. ಇನ್ನೊಂದು ಹೆಚ್ಚಿನವರಿಗೆ ಹೊಳೆಯುವುದಿಲ್ಲ: ಸೋರಿಕೆ ಕಾರಣವಿಲ್ಲದೆ ಇಳಿದಾಗ.

ಇಳಿದರೆ ಏಕೆ ಭಯ? ಜಲಾಶಯದ ನೀರು ತಳಪಾಯದ ಬಂಡೆಯ ಬಿರುಕುಗಳಲ್ಲಿ ನುಗ್ಗಿ ಅಣೆಕಟ್ಟನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. 30 ಮೀಟರ್ ನೀರು ನಿಂತಿದ್ದರೆ ನೀರಿನ ಪಕ್ಕದ ಬುಡದಲ್ಲಿ ಈ ಒತ್ತಡ ಪ್ರತಿ ಚದರ ಮೀಟರಿಗೆ 30 ಟನ್. ಕಲ್ಲು, ಕಾಂಕ್ರೀಟ್ ಅಣೆಕಟ್ಟು ನಿಲ್ಲುವುದು ತನ್ನ ತೂಕದಿಂದ. ಕೆಳಗಿನಿಂದ ಬರುವ ಈ ಒತ್ತು ಆ ತೂಕವನ್ನೇ ಕಳೆಯುತ್ತದೆ. ಅದನ್ನು ತಗ್ಗಿಸಲೆಂದೇ ಗ್ಯಾಲರಿಯ ನೆಲದಿಂದ ಬಂಡೆಯೊಳಕ್ಕೆ, ಸಾಮಾನ್ಯವಾಗಿ 75 ಮಿ.ಮೀ. ವ್ಯಾಸದ ರಂಧ್ರಗಳನ್ನು ಸುಮಾರು 3 ಮೀಟರಿಗೊಂದರಂತೆ ಕೊರೆದಿರುತ್ತಾರೆ. ಅವು ಸರಿಯಾಗಿದ್ದು, ಕೆಳಪಕ್ಕದಲ್ಲಿ (ನದಿ ಮುಂದೆ ಹರಿದುಹೋಗುವ ಕಡೆ) ನೀರು ನಿಂತಿಲ್ಲದಿದ್ದರೆ, ರಂಧ್ರಗಳ ಸಾಲಿನಲ್ಲಿ ಒತ್ತಡ ಮೂರನೇ ಒಂದಕ್ಕೆ, ಅಂದರೆ 10 ಟನ್‌ಗೆ ಇಳಿಯುತ್ತದೆ ಎಂದು ವಿನ್ಯಾಸಕಾರರು ಹಿಡಿಯುತ್ತಾರೆ. ಗಾರೆಯಿಂದ ಕರಗಿ ಬಂದ ಸುಣ್ಣ ಗಾಳಿ ತಾಗಿದೊಡನೆ ಗಟ್ಟಿಯಾಗಿ ಈ ರಂಧ್ರಗಳ ಬಾಯಿ ಕಟ್ಟುತ್ತದೆ. ಆಗ ಗ್ಯಾಲರಿ ಒಣಗಿ ಚೊಕ್ಕಟವಾಗಿ ಕಾಣುತ್ತದೆ, ಅಡಿಯಲ್ಲಿ ಒತ್ತಡ ಏರುತ್ತಿರುತ್ತದೆ.

ಈ ಒತ್ತಡವನ್ನು ಲೆಕ್ಕಕ್ಕೆ ಹಿಡಿಯದೆ ಕಟ್ಟಿದ್ದ ಫ್ರಾನ್ಸಿನ ಬೂಝಿ ಅಣೆಕಟ್ಟು 1895ರ ಏಪ್ರಿಲ್‌ನಲ್ಲಿ ಒಡೆಯಿತು. ಅದಾದ ಮೇಲೆಯೇ ಎಂಜಿನಿಯರರು ಇದನ್ನು ಕಡ್ಡಾಯವಾಗಿ ಲೆಕ್ಕಿಸತೊಡಗಿದ್ದು. ಅದಕ್ಕಿಂತ ಹಿಂದೆ ವಿನ್ಯಾಸವಾದ ಯಾವುದೇ ಕಲ್ಲಿನ ಅಣೆಕಟ್ಟಿನ ಕಡತ ತೆರೆದಾಗ ಮೊದಲು ನೋಡಬೇಕಾದ ಸಾಲು ಇದು.

ಅಳೆಯುವ ಬಗೆ ಸರಳ. ಬಸಿಗಾಲುವೆಗೆ ಅಡ್ಡಲಾಗಿ 90 ಡಿಗ್ರಿಯ ‘ವಿ’ ಆಕಾರದ ಕಚ್ಚಿನ ತಗಡು ನಿಲ್ಲಿಸುತ್ತಾರೆ. ಕಚ್ಚಿನ ತುದಿಯಿಂದ ಮೇಲಕ್ಕೆ ನೀರು 5 ಸೆಂ.ಮೀ. ಇದ್ದರೆ ನಿಮಿಷಕ್ಕೆ ಸುಮಾರು 46 ಲೀಟರ್, 10 ಸೆಂ.ಮೀ. ಇದ್ದರೆ ಸುಮಾರು 260 ಲೀಟರ್. ಎತ್ತರ ಇಮ್ಮಡಿಯಾದರೆ ಹರಿವು ಐದೂವರೆ ಪಟ್ಟು ದಾಟುತ್ತದೆ. ಹಾಗಾಗಿ ಒಂದೆರಡು ಸೆಂ.ಮೀ. ಏರಿಕೆಯನ್ನೂ ಹಗುರವಾಗಿ ನೋಡುವಂತಿಲ್ಲ. ಎತ್ತರವನ್ನು ಕಚ್ಚಿನ ಬಾಯಲ್ಲೇ ಅಳೆಯುವುದು ಸಾಮಾನ್ಯ ತಪ್ಪು. ಅಲ್ಲಿ ನೀರು ಬಾಗಿ ಬೀಳುವುದರಿಂದ ಕಡಿಮೆ ತೋರಿಸುತ್ತದೆ. ನೀರಿನ ಎತ್ತರದ ನಾಲ್ಕು ಪಟ್ಟು ಹಿಂದಕ್ಕೆ ಹೋಗಿ ಅಳೆಯಬೇಕು. ಅದೇ ಹೊತ್ತಿನ ಜಲಾಶಯ ಮಟ್ಟವನ್ನೂ ಪಕ್ಕದಲ್ಲಿ ಬರೆಯದಿದ್ದರೆ ಆ ಅಳತೆಯಿಂದ ಏನೂ ತಿಳಿಯುವುದಿಲ್ಲ. ಒಂದು ಗಾಜಿನ ಲೋಟದಲ್ಲಿ ನೀರು ಹಿಡಿದು ಒಂದು ದಿನ ಇಟ್ಟು ತಳದಲ್ಲಿ ಏನು ಕೂರುತ್ತದೆಂದು ನೋಡುವುದು ಹಳೆಯ ಪದ್ಧತಿ. ಇವತ್ತಿಗೂ ಅದನ್ನು ಬಿಡಬಾರದು: ಬಿಳಿ ಪುಡಿ ಕೂತರೆ ಸುಣ್ಣ ಕರಗುತ್ತಿದೆ, ಮಣ್ಣು ಕೂತರೆ ತಳಪಾಯವೇ ಕೊಚ್ಚಿ ಬರುತ್ತಿದೆ.

ಕಟ್ಟಿದ ರಂಧ್ರವನ್ನು ಒತ್ತಡದ ನೀರು ಹಾಯಿಸಿ ತೊಳೆಯುತ್ತಾರೆ. ಬಾರದಿದ್ದರೆ ಅದೇ ವ್ಯಾಸಕ್ಕೆ ಮತ್ತೆ ಕೊರೆಯುತ್ತಾರೆ. ಅದಕ್ಕೂ ಬಗ್ಗದಿದ್ದರೆ ಪಕ್ಕದಲ್ಲಿ ಹೊಸ ರಂಧ್ರ. ತೊಳೆದ ಮೇಲೆ ಸೋರಿಕೆ ಹೆಚ್ಚುವುದು ಸಹಜ, ಅದು ಕೆಲಸ ಸರಿಯಾದ ಗುರುತು.

ಪ್ರ: ಸುರ್ಕಿ ಗಾರೆಯಲ್ಲಿ ಕಟ್ಟಿದ ಅಣೆಕಟ್ಟುಗಳನ್ನು ಸಿಮೆಂಟಿನಿಂದ ಗಟ್ಟಿ ಮಾಡಬಹುದೇ?

ಉ: ಮಾಡಬಹುದು, ಆದರೆ ಎಲ್ಲಿ ಮಾಡಬೇಕು ಎನ್ನುವುದರಲ್ಲಿ ಎಡವುತ್ತಾರೆ. ಸುರ್ಕಿ ಎಂದರೆ ಸುಟ್ಟ ಇಟ್ಟಿಗೆಯ ಪುಡಿ. ಸುಣ್ಣದೊಡನೆ ಬೆರೆತಾಗ ನೀರಿನಡಿಯಲ್ಲೂ ಗಟ್ಟಿಯಾಗುತ್ತದೆ. ಆದರೆ ಕೂಡಿಕೊಳ್ಳದೆ ಉಳಿದ ಸುಣ್ಣ ಹಾಯ್ದುಹೋಗುವ ನೀರಿನಲ್ಲಿ ನಿಧಾನಕ್ಕೆ ಕರಗುತ್ತದೆ. ಕರಗಿದಷ್ಟು ಟೊಳ್ಳು, ಟೊಳ್ಳಾದಷ್ಟು ಹೆಚ್ಚು ನೀರು. ಕೆಳಪಕ್ಕದ ಗೋಡೆಯ ಮೇಲೆ ಇಳಿದ ಬಿಳಿ ಗೆರೆಗಳು ಇದರ ಫಲ.

ಆ ಗೆರೆ ಕಂಡೊಡನೆ ಕೆಳಪಕ್ಕಕ್ಕೆ ಸಿಮೆಂಟ್ ಗಿಲಾಯಿ ಬಳಿಯುವುದು ಅತಿ ಕೆಟ್ಟ ದುರಸ್ತಿ. ಒಳಗೆ ಬಂದ ನೀರಿಗೆ ಹೊರದಾರಿ ಮುಚ್ಚಿ, ಒಡಲೊಳಗೆ ಒತ್ತಡ ಏರುತ್ತದೆ. ಹೊರಗೆ ಫೋಟೊಗೆ ಮಾತ್ರ ಚೆನ್ನ. ನೀರನ್ನು ತಡೆಯಬೇಕಾದದ್ದು ಅದು ಒಳನುಗ್ಗುವ ಪಕ್ಕದಲ್ಲಿ: ನೀರು ಇಳಿದಾಗ ಕಲ್ಲುಸಂದಿಗಳ ಸಡಿಲ ಗಾರೆ ಕೆತ್ತಿ ತೆಗೆದು, ತೊಳೆದು, ಕುಗ್ಗದ ಗಾರೆಯನ್ನು ಒತ್ತಿ ತುಂಬಬೇಕು. ತಮಿಳುನಾಡಿನ ಕಡಂಪಾರೈನಲ್ಲಿ ನೀರಿನ ಪಕ್ಕಕ್ಕೆ ಪಿವಿಸಿ ಹಾಳೆಯನ್ನೇ ಹೊದಿಸಿ ಸೋರಿಕೆ ತಡೆದರು.

ಒಡಲಿನ ಟೊಳ್ಳು ತುಂಬಲು ಮೇಲಿನಿಂದ ರಂಧ್ರ ಕೊರೆದು ಸಿಮೆಂಟ್ ಹಾಲು ಇಳಿಸುತ್ತಾರೆ. ಅದಕ್ಕೂ ಮೊದಲು ಪ್ರತಿ ಹಂತದಲ್ಲೂ ನೀರು ಹಾಯಿಸಿ ಎಷ್ಟು ಹೀರುತ್ತದೆಂದು ಅಳೆಯಬೇಕು. ಆಮೇಲೆ ತೆಳು ಮಿಶ್ರಣದಿಂದ ಆರಂಭಿಸಿ, ಹೀರುವುದು ನಿಲ್ಲದಿದ್ದರೆ ದಪ್ಪಗೊಳಿಸುತ್ತ ಹೋಗಬೇಕು. ಮೊದಲೇ ದಪ್ಪ ಹಾಕಿದರೆ ರಂಧ್ರದ ಬಾಯಲ್ಲೇ ಕಟ್ಟಿಕೊಂಡು ‘ತುಂಬಿತು’ ಎಂಬ ಸುಳ್ಳು ವರದಿ ಬರುತ್ತದೆ. ಒತ್ತಡ ಹೆಚ್ಚಿಸಿದರೆ ಹಳೆಯ ಕಟ್ಟಡ ಸೀಳುತ್ತದೆ. ಒಳಗಿನ ಬಸಿ ಕೊಳವೆಗಳಿಗೂ ಸಿಮೆಂಟ್ ನುಗ್ಗಿ ಮುಚ್ಚಿಬಿಡುವುದು ಇನ್ನೊಂದು ಅನಾಹುತ, ಆದ್ದರಿಂದ ಕೆಲಸ ನಡೆಯುವಷ್ಟು ಹೊತ್ತೂ ಅವುಗಳಲ್ಲಿ ನೀರು ಹಾಯಿಸುತ್ತಿರಬೇಕು.

ಕೇರಳದಲ್ಲಿರುವ 1895ರ ಮುಲ್ಲಪೆರಿಯಾರ್ ಅಣೆಕಟ್ಟಿನಲ್ಲಿ ಮೂರು ಕೆಲಸ ಮಾಡಿದರು. ನೆತ್ತಿಯ ಮೇಲೆ ಭಾರಕ್ಕೆ ಕಾಂಕ್ರೀಟ್ ಟೋಪಿ, ಮೇಲಿನಿಂದ ತಳದ ಬಂಡೆಯವರೆಗೆ ಕೊರೆದು ಬಿಗಿದ ಉಕ್ಕಿನ ಕೇಬಲ್‌ಗಳು, ಹಿಂಬದಿಗೆ ಆತುಕೊಂಡ ಕಾಂಕ್ರೀಟ್ ಒಡಲು. ಹಿಂಬದಿಯ ಕಾಂಕ್ರೀಟಿಗೂ ಹಳೆಯ ಕಲ್ಲಿಗೂ ನಡುವೆ ಬಸಿಗಾಲುವೆ ಬಿಡಲೇಬೇಕು, ಇಲ್ಲದಿದ್ದರೆ ಅದೂ ಗಿಲಾಯಿಯ ಕಥೆಯೇ.

ಪ್ರ: ತುಂಗಭದ್ರಾ ಅಣೆಕಟ್ಟಿನ ಗೇಟು ಕೊಚ್ಚಿಹೋದದ್ದು ಒಂದು ಸರಪಳಿ ತುಂಡಾಗಿ. ಅಷ್ಟು ದೊಡ್ಡ ಅಣೆಕಟ್ಟಿಗೆ ಅಷ್ಟೇ ಸಾಕೇ?

ಉ: ಸಾಕು. 2024ರ ಆಗಸ್ಟ್ 10ರ ರಾತ್ರಿ 33 ಕ್ರೆಸ್ಟ್ ಗೇಟುಗಳಲ್ಲಿ (ನೆತ್ತಿಯ ಗೇಟುಗಳು) 19ನೆಯದು ಹೋಯಿತು. ಅದೊಂದರಿಂದಲೇ ಸುಮಾರು 35,000 ಕ್ಯೂಸೆಕ್ ನುಗ್ಗಿತೆಂದು ವರದಿಯಾಯಿತು. ದಿನಕ್ಕೆ ಲೆಕ್ಕ ಹಾಕಿದರೆ ಮೂರು ಟಿಎಂಸಿ ಅಡಿ. ಅಣೆಕಟ್ಟಿನ ಒಡಲಿಗೆ ಏನೂ ಆಗಿರಲಿಲ್ಲ. ಉಳಿದ ಗೇಟುಗಳನ್ನೂ ತೆರೆದು ಭಾರ ಇಳಿಸಿ, ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ತುಂಡುಗಳನ್ನು (ನೀರು ತಡೆಯಲು ತಾತ್ಕಾಲಿಕವಾಗಿ ಇಳಿಸುವ ಉಕ್ಕಿನ ಹಲಗೆಗಳು) ಒಂದರ ಮೇಲೊಂದು ಇಳಿಸಿ ನೀರು ನಿಲ್ಲಿಸಿದರು. ನುರಿತವರ ಸಾಹಸ ಅದು, ಆದರೆ ವಿನ್ಯಾಸದ ಪ್ರಕಾರ ನಡೆಯಬೇಕಾದ ಕೆಲಸವಲ್ಲ. ಸ್ಟಾಪ್‌ಲಾಗ್ ಇಳಿಸಬೇಕಾದದ್ದು ನಿಂತ ನೀರಿನಲ್ಲಿ, ಗೇಟು ಮುಚ್ಚಿರುವಾಗ. ಅದಕ್ಕೆ ಬೇಕಾದ ತುಂಡುಗಳು, ಎತ್ತುವ ಕ್ರೇನು, ತುಂಡು ಇಳಿಯುವ ಕಂಬದ ತೋಡುಗಳು ಇವೆಲ್ಲ ಅಣೆಕಟ್ಟಿನ ಮೇಲೆಯೇ ಸಿದ್ಧವಿದ್ದರೆ ಮಾತ್ರ ಪ್ರತಿ ಬೇಸಿಗೆ ಒಂದಷ್ಟು ಗೇಟುಗಳನ್ನು ಒಣಗಿಸಿ ನೋಡಬಹುದು. ಸ್ಟಾಪ್‌ಲಾಗ್ ಇಲ್ಲದ ಕಡೆ ಗೇಟಿನ ನೀರಿನ ಪಕ್ಕವನ್ನು ವರ್ಷಗಟ್ಟಲೆ ಯಾರೂ ನೋಡಿರುವುದಿಲ್ಲ.

ಗೇಟು ಸೋಲುವುದು ಸಾಮಾನ್ಯವಾಗಿ ನೀರು ಏರಿ ಇಳಿಯುವ ಮಟ್ಟದಲ್ಲಿ ತಿಂದ ತುಕ್ಕಿನಿಂದ, ಗ್ರೀಸ್ ಹೋಗಿ ಬಿಗಿದ ಗಾಲಿ ಮತ್ತು ಪಿನ್ನುಗಳಿಂದ, ಹಗ್ಗ–ಸರಪಳಿಯ ಕೊಂಡಿಗಳಲ್ಲಿ ಕಾಣದ ಬಿರುಕಿನಿಂದ. ಅಮೆರಿಕದ ಫೋಲ್ಸಮ್ ಅಣೆಕಟ್ಟಿನಲ್ಲಿ 1995ರ ಜುಲೈ 17ರಂದು ಗೇಟೊಂದನ್ನು ಎತ್ತುತ್ತಿರುವಾಗಲೇ ಅದರ ತೋಳು ಮುರಿಯಿತು. ತಿರುಗುವ ಪಿನ್ನು ತುಕ್ಕು ಹಿಡಿದು ಘರ್ಷಣೆ ಹೆಚ್ಚಿತ್ತು. ಆ ಘರ್ಷಣೆಯಿಂದ ತೋಳಿನ ಮೇಲೆ ಬೀಳುವ ಭಾರವನ್ನು ಮೂಲ ವಿನ್ಯಾಸದಲ್ಲಿ ಹಿಡಿದೇ ಇರಲಿಲ್ಲ. ಅಲ್ಲಿಯೂ ಹೊರಟಿದ್ದು ಹತ್ತಿರಹತ್ತಿರ 40,000 ಕ್ಯೂಸೆಕ್.

ಮುಂಗಾರಿಗೆ ಮುನ್ನ ನೋಡಲೇಬೇಕಾದವು ಇವು. ಪ್ರತಿ ಗೇಟನ್ನೂ ಪೂರ್ತಿ ಎತ್ತಿ ಇಳಿಸಬೇಕು, ಎತ್ತುವಾಗ ಮೋಟಾರು ಎಳೆಯುವ ಕರೆಂಟನ್ನು ದಾಖಲಿಸಬೇಕು. ಹೋದ ವರ್ಷಕ್ಕಿಂತ ಹೆಚ್ಚು ಆಂಪಿಯರ್ ಎಳೆದರೆ ಎಲ್ಲೋ ಬಿಗಿಯುತ್ತಿದೆ. ಎಡ–ಬಲದ ಹಗ್ಗ ಅಥವಾ ಸರಪಳಿ ಸಮನಾಗಿ ಭಾರ ಹೊರುತ್ತಿದೆಯೇ ನೋಡಬೇಕು. ಒಂದು ಸಡಿಲವಿದ್ದರೆ ಗೇಟು ವಾಲಿ ಸಿಕ್ಕಿಕೊಳ್ಳುತ್ತದೆ, ಇಡೀ ಭಾರ ಒಂದೇ ಬದಿಗೆ ಬೀಳುತ್ತದೆ. ತಗಡಿನ ದಪ್ಪವನ್ನು ಶ್ರವಣಾತೀತ ತರಂಗದ ಉಪಕರಣದಿಂದ ಅಳೆದು ಮೂಲ ನಕ್ಷೆಯ ದಪ್ಪಕ್ಕೆ ಹೋಲಿಸಬೇಕು. ಬಣ್ಣ ಹೊಳೆಯುತ್ತಿದ್ದರೆ ಅಡಿಯ ತುಕ್ಕು ಕಾಣುವುದಿಲ್ಲ. ಕೊಂಡಿ, ಪಿನ್ನುಗಳ ಬಿರುಕನ್ನು ಬಣ್ಣದ ದ್ರವ ಹೀರಿಸಿ ಪತ್ತೆ ಮಾಡಬೇಕು. ಕೊನೆಗೆ ಮುಖ್ಯ ವಿದ್ಯುತ್ ತೆಗೆದು ಡೀಸೆಲ್ ಜನರೇಟರಿನಲ್ಲಿ ಒಮ್ಮೆ, ಕೈಯಿಂದ ಒಮ್ಮೆ ಎತ್ತಿ ನೋಡಬೇಕು. ಗೇಟು ಬೇಕಾಗುವ ರಾತ್ರಿಯೇ ಕರೆಂಟು ಹೋಗುವುದು.

ಪ್ರ: ಮಣ್ಣಿನ ಏರಿಯ ಮೇಲೆ ಬೆಳೆದ ಮರಗಳನ್ನು ಕಡಿಯಬೇಕು ಎನ್ನುತ್ತಾರೆ. ಬೇರು ಮಣ್ಣನ್ನು ಹಿಡಿದಿಡುವುದಿಲ್ಲವೇ?

ಉ: ಗುಡ್ಡದ ಇಳಿಜಾರಿನಲ್ಲಿ ಹೌದು, ಏರಿಯಲ್ಲಿ ಅಲ್ಲ. ಬದುಕಿರುವ ಬೇರಿಗಿಂತ ಸತ್ತ ಬೇರು ಕೆಟ್ಟದ್ದು. ಅದು ಕೊಳೆತ ಜಾಗ ಏರಿಯೊಳಗೆ ಕೊಳವೆಯಾಗಿ ಉಳಿಯುತ್ತದೆ. ಗಾಳಿಗೆ ಮರ ಬುಡಸಮೇತ ಉರುಳಿದರೆ ಏರಿಯ ಒಂದು ಭಾಗವೇ ಎದ್ದುಬರುತ್ತದೆ. ಪೊದೆ ದಟ್ಟವಾಗಿದ್ದರೆ ಹೆಗ್ಗಣ, ಮುಳ್ಳುಹಂದಿಗಳ ಬಿಲ, ಗೆದ್ದಲಿನ ಹುತ್ತ, ಒಸರು ಯಾವುದೂ ತಪಾಸಣೆಗೆ ಬಂದವರ ಕಣ್ಣಿಗೆ ಬೀಳುವುದಿಲ್ಲ. ಹುಲ್ಲು ಮಾತ್ರ ಇರಲಿ, ಅದೂ ಗಿಡ್ಡಗಿರಲಿ.

ಹಾಗೆಂದು ದೊಡ್ಡ ಮರವನ್ನು ಕಡಿದು ಬೊಡ್ಡೆ ಬಿಟ್ಟುಬಂದರೆ ಕೊಳೆಯುವ ಬೇರಿನ ಸಮಸ್ಯೆಯನ್ನು ನಾವೇ ತಂದುಕೊಂಡಂತೆ. ಜಲಾಶಯ ಇಳಿದಿರುವಾಗ ಬೊಡ್ಡೆಯನ್ನೂ ದಪ್ಪ ಬೇರುಗಳನ್ನೂ ಅಗೆದು ತೆಗೆದು, ಗುಂಡಿಯ ಬದಿಗಳನ್ನು ಇಳಿಜಾರಾಗಿ ಕೆತ್ತಿ, ಅದೇ ಬಗೆಯ ಮಣ್ಣನ್ನು 15 ಸೆಂ.ಮೀ. ಪದರಗಳಲ್ಲಿ ಹದವಾದ ತೇವದಲ್ಲಿ ದಮ್ಮಸ್ಸು ಮಾಡಬೇಕು. ಗುಂಡಿ ಕೆಳಪಕ್ಕದ ಬುಡದಲ್ಲಿದ್ದರೆ ಮೊದಲು ಮರಳಿನ ಸೋಸುಪದರ, ಆಮೇಲೆ ಮಣ್ಣು.

ಏರಿಯ ಬುಡದಲ್ಲಿ ಒಸರು ಕಂಡಾಗ ಅದರ ಬಣ್ಣ ನೋಡಿ. ತಿಳಿನೀರು ಒಂದೇ ಸಮ ಬರುತ್ತಿದ್ದರೆ ಅಳೆಯುತ್ತಿರಬಹುದು. ಕದಡಿದ ನೀರು ಬಂದರೆ ಒಳಗಿನ ಮಣ್ಣು ಹೊರಗೆ ಬರುತ್ತಿದೆ, ಆಗ ಗಂಟೆಗಳ ಲೆಕ್ಕ. ಅದಕ್ಕೆ ಜೇಡಿಮಣ್ಣು ಒತ್ತಿ ಬಾಯಿ ಮುಚ್ಚಬೇಡಿ, ನೀರು ಪಕ್ಕದಲ್ಲಿ ಇನ್ನೂ ಜೋರಾಗಿ ಏಳುತ್ತದೆ. ನೀರನ್ನು ಬಿಟ್ಟು ಮಣ್ಣನ್ನು ಮಾತ್ರ ತಡೆಯಬೇಕು: ಮೊದಲು ಒರಟು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಮತ್ತು ಕಲ್ಲು. ನೀರು ಬುಗ್ಗೆಯಂತೆ ಏಳುತ್ತಿದ್ದರೆ ಸುತ್ತ ಮರಳುಚೀಲಗಳ ಉಂಗುರ ಕಟ್ಟಿ, ಒಳಗೆ ನೀರು ನಿಲ್ಲುವಂತೆ ಮಾಡಿ, ತಿಳಿಯಾಗುವಷ್ಟು ಎತ್ತರಿಸಿದರೆ ಸಾಕು. ಇದು ಸಮಯ ಕೊಳ್ಳುವ ಉಪಾಯವಷ್ಟೆ. ಜೊತೆಗೇ ಜಲಾಶಯ ಇಳಿಸಬೇಕು, ಅದೂ ತಡೆದು ತಡೆದು. ಬಹಳ ಬೇಗ ಇಳಿಸಿದರೆ ನೆನೆದ ಏರಿಯ ನೀರಿನ ಪಕ್ಕ, ಎದುರಿಗೆ ನೀರಿನ ಆಸರೆಯಿಲ್ಲದೆ ಜಾರುತ್ತದೆ.

ಬಿರುಕಿನ ವಿಷಯದಲ್ಲಿ ಒಂದು ಗುರುತು: ಏರಿಯ ಉದ್ದಕ್ಕೆ ಬಿದ್ದ ಬಿರುಕು ಜಾರುವಿಕೆಯ ಸೂಚನೆಯಿರಬಹುದು. ಅಡ್ಡಲಾಗಿ, ನೀರಿನಿಂದ ಕೆಳಪಕ್ಕಕ್ಕೆ ಬಿದ್ದ ಬಿರುಕು ನೀರಿಗೆ ನೇರ ದಾರಿ, ಅದರ ದುರಸ್ತಿಯನ್ನು ಒಂದು ದಿನವೂ ಮುಂದೂಡುವಂತಿಲ್ಲ.

ಪ್ರ: ‘ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ’ಕ್ಕೆ ಕಟ್ಟಿದ ಅಣೆಕಟ್ಟು ಎಂದರೆ ನೂರು ವರ್ಷ ನಿಶ್ಚಿಂತೆಯೇ?

ಉ: ಯಾವುದೇ ಒಂದು ವರ್ಷದಲ್ಲಿ ಅಂಥ ಪ್ರವಾಹ ಬರುವ ಸಂಭವ ನೂರಕ್ಕೆ ಒಂದು, ಅಷ್ಟೇ ಅರ್ಥ. 50 ವರ್ಷಗಳ ಅವಧಿಯಲ್ಲಿ ಒಮ್ಮೆಯಾದರೂ ಬರುವ ಸಂಭವ ಶೇ 39ಕ್ಕೂ ಹೆಚ್ಚು. ಅದಕ್ಕೇ ಭಾರತೀಯ ಮಾನಕದ ಪ್ರಕಾರ 100 ವರ್ಷದ ಪ್ರವಾಹ ಸಣ್ಣ ಅಣೆಕಟ್ಟುಗಳಿಗೆ ಮಾತ್ರ. 6 ಕೋಟಿ ಘನ ಮೀಟರಿಗಿಂತ ಹೆಚ್ಚು ನೀರು ಹಿಡಿಯುವ ಅಥವಾ 30 ಮೀಟರಿಗಿಂತ ಹೆಚ್ಚು ನೀರಿನ ಎತ್ತರವಿರುವ ಅಣೆಕಟ್ಟು, ಆ ಕಣಿವೆಯಲ್ಲಿ ಸಾಧ್ಯವಿರುವ ಗರಿಷ್ಠ ಪ್ರವಾಹವನ್ನು ಹಾಯಿಸಬೇಕು. ಹಳೆಯ ಅಣೆಕಟ್ಟುಗಳಿಗೆ ಮಳೆಯ ದಾಖಲೆ ಚಿಕ್ಕದಿದ್ದ ಕಾಲದ ಲೆಕ್ಕವೇ ಆಧಾರ. ಈಗಿನ ದಾಖಲೆಯಿಟ್ಟು ಮತ್ತೆ ಲೆಕ್ಕಿಸಿದರೆ ಹಲವು ಕಡೆ ಕೋಡಿ ಸಾಲುವುದಿಲ್ಲ.

ಮಣ್ಣಿನ ಏರಿಯ ಮೇಲಿಂದ ನೀರು ಹಾಯ್ದರೆ ಉಳಿಯುವ ಆಸೆ ಕಡಿಮೆ. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು–2 ಅಣೆಕಟ್ಟಿಗೆ ಕೋಡಿಯ ಸಾಮರ್ಥ್ಯಕ್ಕಿಂತ ಎಷ್ಟೋ ಹೆಚ್ಚು ನೀರು ಬಂದು, ಎರಡೂ ಬದಿಯ ಏರಿ ಕೊಚ್ಚಿ, ಮೋರ್ಬಿ ಪಟ್ಟಣ ಮುಳುಗಿತು. ಪರಿಹಾರಗಳು: ಹೆಚ್ಚುವರಿ ಕೋಡಿ, ನೆತ್ತಿಯಲ್ಲಿ ಗಟ್ಟಿ ತಡೆಗೋಡೆ, ಅಥವಾ ದೂರದ ತಗ್ಗಿನಲ್ಲಿ ಬೇಕೆಂದೇ ಮೊದಲು ಕೊಚ್ಚಿಹೋಗುವಂಥ ಏರಿಯ ತುಂಡು. ಕೋಡಿ ಸಾಕಷ್ಟು ದೊಡ್ಡದಿದ್ದರೂ ಅದರ ಹಾಸು ಸರಿಯಿರಬೇಕು. ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ 2017ರ ಫೆಬ್ರುವರಿಯಲ್ಲಿ ಹಾಸಿನ ಬಿರುಕುಗಳಿಂದ ನೀರು ಅಡಿಗೆ ನುಗ್ಗಿ ಕಾಂಕ್ರೀಟ್ ಹಲಗೆಗಳನ್ನೇ ಎತ್ತಿ ಎಸೆಯಿತು. 1.88 ಲಕ್ಷ ಜನರನ್ನು ಸ್ಥಳಾಂತರಿಸಬೇಕಾಯಿತು. ಆ ಬಿರುಕುಗಳು ವರ್ಷಗಳಿಂದ ಇದ್ದವು, ತೇಪೆ ಹಾಕುತ್ತ ಬಂದಿದ್ದರು.

ಪ್ರ: ಹೂಳು ತುಂಬಿದರೆ ಅಣೆಕಟ್ಟು ಒಡೆಯುತ್ತದೆಯೇ?

ಉ: ನೇರವಾಗಿ ಒಡೆಯುವುದು ಅಪರೂಪ. ತುಂಗಭದ್ರಾ ಜಲಾಶಯದ ಸಾಮರ್ಥ್ಯ ಸುಮಾರು 133ರಿಂದ 105.78 ಟಿಎಂಸಿ ಅಡಿಗೆ ಇಳಿದದ್ದು ಹೂಳಿನಿಂದಲೇ. ನೀರು ಕಡಿಮೆಯಾಯಿತೆಂದು ಎಲ್ಲರೂ ಕೊರಗುತ್ತಾರೆ. ಎಂಜಿನಿಯರರಿಗೆ ತಳದ ತೂಬು ಮುಚ್ಚಿಹೋಗುವುದರ ಚಿಂತೆ ಹೆಚ್ಚು, ಏಕೆಂದರೆ ಆಪತ್ತಿನಲ್ಲಿ ಜಲಾಶಯ ಇಳಿಸಲು ಇರುವ ದಾರಿ ಅದೇ. ತೂಬನ್ನು ಆಗಾಗ ತೆರೆದು ಹಾಯಿಸುತ್ತಿದ್ದರೆ ಕನಿಷ್ಠ ಅದರ ಬಾಯಿಯಾದರೂ ತೆರವಾಗಿರುತ್ತದೆ.

ಪ್ರ: ಹತ್ತಿರದ ಕಲ್ಲುಗಣಿಗಳ ಸ್ಫೋಟದಿಂದ ಅಣೆಕಟ್ಟಿಗೆ ಎಷ್ಟು ಹಾನಿ?

ಉ: ದೂರ ಮತ್ತು ಒಂದೇ ಕ್ಷಣದಲ್ಲಿ ಸಿಡಿಯುವ ಮದ್ದಿನ ತೂಕ ಎರಡನ್ನೂ ನೋಡಬೇಕು. ಇಡೀ ದಿನದ ಮದ್ದು ಎಷ್ಟು ಎನ್ನುವುದು ಮುಖ್ಯವಲ್ಲ. ಮದ್ದು ನಾಲ್ಕು ಪಟ್ಟಾದರೆ ಅಷ್ಟೇ ಕಂಪನಕ್ಕೆ ದೂರ ಎರಡು ಪಟ್ಟು ಬೇಕು ಎಂಬುದು ಸ್ಥೂಲ ಲೆಕ್ಕ. ಕಂಪನವನ್ನು ಸೆಕೆಂಡಿಗೆ ಇಷ್ಟು ಮಿ.ಮೀ. ಎಂದು ಅಣೆಕಟ್ಟಿನ ಬುಡದಲ್ಲೂ ನೆತ್ತಿಯಲ್ಲೂ ಏಕಕಾಲಕ್ಕೆ ಅಳೆಯಬೇಕು, ನೆತ್ತಿಯಲ್ಲಿ ಅದು ಹಿಗ್ಗುತ್ತದೆ. ಕೃಷ್ಣರಾಜಸಾಗರದ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ಹೈಕೋರ್ಟ್ 2024ರ ಜನವರಿಯಲ್ಲಿ ನಿಷೇಧಿಸಿತು. ಹಳೆಯ ಕಲ್ಲುಕಟ್ಟಡದ ವಿಷಯದಲ್ಲಿ, ಅಳತೆ ಮುಗಿಯುವವರೆಗೆ ಸ್ಫೋಟ ನಿಲ್ಲಿಸುವುದೇ ಸರಿಯಾದ ಕ್ರಮ ಎಂಬುದು ನಮ್ಮ ಅಭಿಪ್ರಾಯ.

ಪ್ರ: ಅಣೆಕಟ್ಟಿನ ಕೆಳಗೆ ವಾಸಿಸುವವರು ಏನು ಕೇಳಬಹುದು?

ಉ: 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅದೇ ವರ್ಷದ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. 15 ಮೀಟರಿಗಿಂತ ಎತ್ತರದ ಎಲ್ಲ ಅಣೆಕಟ್ಟುಗಳೂ, 10ರಿಂದ 15 ಮೀಟರಿನವುಗಳಲ್ಲಿ ಕೆಲವೂ ಇದರಡಿ ಬರುತ್ತವೆ. ಮಾಲೀಕರು ಮುಂಗಾರಿನ ಮುನ್ನ ಮತ್ತು ನಂತರ ತಪಾಸಣೆ ಮಾಡಬೇಕು. ಭೂಕಂಪ, ಪ್ರವಾಹಗಳ ಬಳಿಕವೂ ಮಾಡಬೇಕು. ಹಳೆಯ ಅಣೆಕಟ್ಟುಗಳಿಗೆ ಮೊದಲ ಸಮಗ್ರ ಸುರಕ್ಷತಾ ಮೌಲ್ಯಮಾಪನ, ತುರ್ತು ಕ್ರಿಯಾ ಯೋಜನೆ ಎರಡಕ್ಕೂ ಐದು ವರ್ಷಗಳ ಗಡುವಿದೆ.

‘ಅಣೆಕಟ್ಟು ಭದ್ರವಾಗಿದೆಯೇ’ ಎಂದು ಕೇಳಿದರೆ ‘ಭದ್ರವಾಗಿದೆ’ ಎಂಬ ಉತ್ತರವೇ ಬರುತ್ತದೆ. ಹಾಗಾಗಿ ಬಿಡಿಬಿಡಿಯಾಗಿ ಕೇಳಿ: ಕಳೆದ ಮುಂಗಾರು ಪೂರ್ವ ತಪಾಸಣೆಯ ದಿನಾಂಕ ಯಾವುದು, ಅದರಲ್ಲಿ ಹೇಳಿದ ದುರಸ್ತಿಗಳಲ್ಲಿ ಉಳಿದವು ಎಷ್ಟು, ಪ್ರವಾಹದ ಲೆಕ್ಕ ಕೊನೆಯ ಸಲ ಪರಿಷ್ಕರಣೆಯಾದದ್ದು ಯಾವಾಗ, ಸ್ಟಾಪ್‌ಲಾಗ್ ಇದೆಯೇ, ಕೊನೆಯ ಸಲ ಇಳಿಸಿ ನೋಡಿದ್ದು ಯಾವಾಗ, ಮುಳುಗಡೆ ನಕ್ಷೆಯಲ್ಲಿ ನಮ್ಮ ಊರಿಗೆ ನೀರು ಮುಟ್ಟಲು ಎಷ್ಟು ಹೊತ್ತು ಎಂದಿದೆ. ಆ ಹೊತ್ತು ಅರ್ಧ ಗಂಟೆಯೋ ಆರು ಗಂಟೆಯೋ ಎನ್ನುವುದರ ಮೇಲೆ ಸೈರನ್ ಎಲ್ಲಿರಬೇಕು, ರಾತ್ರಿ ಅದನ್ನು ಒತ್ತುವವರು ಯಾರು ಎಂಬುದು ನಿರ್ಧಾರವಾಗುತ್ತದೆ. ಸೈರನ್ ಕೇಳಿದಾಗ ನದಿಯ ಜೊತೆಗೇ ಕೆಳಗೆ ಓಡುವ ರಸ್ತೆ ಹಿಡಿಯಬೇಡಿ, ಹತ್ತಿರದ ದಿಣ್ಣೆಗೆ ಅಡ್ಡಲಾಗಿ ಏರಿ. ಹಾದಿಯಲ್ಲಿ ಸೇತುವೆ ದಾಟಬೇಕಾಗುತ್ತದೆಯೇ ಎಂದು ಈಗಲೇ ನಡೆದು ನೋಡಿಕೊಳ್ಳಿ.